ಆಕ್ಸ್‌ಫರ್ಡೋ ಕೇಂಬ್ರಿಡ್ಜೋ? ಎರಡು ಶನಿವಾರ, ಅದೇ ನಾಲ್ವರು

ಲಂಡನ್ನಿಗೆ ಬಂದ ನೆಂಟರು, ಗೆಳೆಯರು ಎಲ್ಲರದ್ದೂ ಒಂದೇ ಪ್ರಶ್ನೆ: ಒಂದು ದಿನ ಬಿಡುವಿದೆ, ಆಕ್ಸ್‌ಫರ್ಡಿಗೆ ಹೋಗೋದಾ ಕೇಂಬ್ರಿಡ್ಜಿಗಾ? ಹೋದ ಬೇಸಿಗೆಯಲ್ಲಿ ನಾವು ನಾಲ್ವರು ಎರಡೂ ಕಡೆ ಅಲೆದು ಬಂದೆವು. ಗುಂಪು ಕಟ್ಟಿಕೊಂಡು ಹೋಗುವುದಾದರೆ ಕೇಂಬ್ರಿಡ್ಜ್ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ.

ರೈಲಿನ ಲೆಕ್ಕದಲ್ಲಿ ಅಂಥ ವ್ಯತ್ಯಾಸವಿಲ್ಲ. ಕಿಂಗ್ಸ್ ಕ್ರಾಸ್‌ನಿಂದ ಕೇಂಬ್ರಿಡ್ಜಿಗೆ ವೇಗದ ರೈಲು ಸಿಕ್ಕರೆ 50 ನಿಮಿಷ, ಪ್ಯಾಡಿಂಗ್ಟನ್‌ನಿಂದ ಆಕ್ಸ್‌ಫರ್ಡಿಗೆ ಹೆಚ್ಚುಕಡಿಮೆ ಒಂದು ಗಂಟೆ. ಇಳಿದ ಮೇಲೆ ಮಾತ್ರ ಆಕ್ಸ್‌ಫರ್ಡೇ ಮೇಲು. ಹತ್ತು ಹದಿನೈದು ನಿಮಿಷ ನಡೆದರೆ ಊರೊಳಗಿರುತ್ತೀರಿ. ಕೇಂಬ್ರಿಡ್ಜ್ ಸ್ಟೇಷನ್ನಿನಿಂದ ಕಾಲೇಜುಗಳ ಹತ್ತಿರ ಬರಲು ಅರ್ಧ ಗಂಟೆ ಬೇಕು. ಬಸ್ಸಿದೆ, ಆದರೆ ಮಂಡ್ಯದ ಗೆಳೆಯ "ಇಷ್ಟಕ್ಕೆಲ್ಲ ಬಸ್ಸಾ?" ಅಂದ. ವಾಪಸ್ಸು ಬರುವಾಗ ಬಸ್ ಸ್ಟಾಪಿನಲ್ಲಿ ಮೊದಲು ನಿಂತವನೂ ಅವನೇ.

ವಯಸ್ಸಿನಲ್ಲಿ ಆಕ್ಸ್‌ಫರ್ಡ್ ಅಣ್ಣ. ಅಲ್ಲಿ 1096ರ ಹೊತ್ತಿಗೇ ಪಾಠ ನಡೆಯುತ್ತಿತ್ತು. 1209ರಲ್ಲಿ ಊರವರ ಜೊತೆ ಜಗಳವಾಗಿ ಅಲ್ಲಿಂದ ಓಡಿಬಂದ ಪಂಡಿತರಿಂದ ಶುರುವಾದದ್ದು ಕೇಂಬ್ರಿಡ್ಜ್. ಆದರೆ ಮನೆ ಬಿಟ್ಟು ಬಂದ ತಮ್ಮನಿಗೇ ಒಳ್ಳೆಯ ಸೈಟು ಸಿಕ್ಕಿದೆ: ಕಾಲೇಜುಗಳ ಹಿತ್ತಲಿಗೇ ಕ್ಯಾಮ್ ನದಿ. ಟಿಕೆಟ್ಟಿಗೆ ಸಾಲು ನಿಲ್ಲದೆ, ದೋಣಿಯಲ್ಲಿ ಕಾಲು ಚಾಚಿ ಕೂತರೆ ಸೇಂಟ್ ಜಾನ್ಸ್, ಟ್ರಿನಿಟಿ, ಕಿಂಗ್ಸ್ ಎಲ್ಲ ಒಂದರ ಹಿಂದೊಂದು ಬರುತ್ತವೆ.

ಪಂಟ್ ಅನ್ನುವ ಆ ಚಪ್ಪಟೆ ದೋಣಿಗೆ ಹುಟ್ಟು ಹಾಕುವುದಿಲ್ಲ. ಉದ್ದನೆಯ ಗಳ ಹಿಡಿದು ನದಿಯ ತಳಕ್ಕೆ ಊರಿ ತಳ್ಳಬೇಕು. ಕೇಂಬ್ರಿಡ್ಜಿನಲ್ಲಿ ಹಿಂಬದಿಯ ಹಲಗೆಯ ಮೇಲೆ ಹತ್ತಿ ನಿಲ್ಲುತ್ತಾರೆ, ಆಕ್ಸ್‌ಫರ್ಡಿನಲ್ಲಿ ಹಲಗೆ ಮುಂದಕ್ಕಿರುತ್ತದೆ, ತಳ್ಳುವವನು ದೋಣಿಯೊಳಗೇ ನಿಲ್ಲುತ್ತಾನೆ. ಎರಡು ಊರಿನವರೂ ತಮ್ಮದೇ ಸರಿ ಅನ್ನುತ್ತಾರೆ. ನಡೆಸುವವನನ್ನು ಕರೆದುಕೊಳ್ಳದೆ ನಾವೇ ಬಾಡಿಗೆಗೆ ತಗೊಂಡೆವು. ಕಿಂಗ್ಸ್ ಸೇತುವೆ ದಾಟುವಾಗ ಮಂಡ್ಯದವನ ಗಳ ಕೆಸರಿನಲ್ಲಿ ಕಚ್ಚಿಕೊಂಡಿತು. ದೋಣಿ ಮುಂದೆ, ಗಳ ಹಿಂದೆ. ಪಕ್ಕದ ದೋಣಿಯ ಹುಡುಗಿ ಅದನ್ನು ಕಿತ್ತು ತಂದುಕೊಡುವವರೆಗೂ ನಾವು ಅವಲಕ್ಕಿ ಡಬ್ಬಿಯ ಮುಚ್ಚಳದಲ್ಲಿ ನೀರು ತಳ್ಳುತ್ತಿದ್ದೆವು.

ಒಳಗೆ ಹೋಗಲು ದುಡ್ಡು ಕೊಡುವುದಾದರೆ ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರವಾದ ಕಿಂಗ್ಸ್ ಚಾಪೆಲ್‌ಗೆ ಕೊಡಿ. 1446ರಲ್ಲಿ ಶುರುವಾಗಿ, ಮುಗಿಯಲು ಸುಮಾರು 70 ವರ್ಷ ಹಿಡಿದ ಕಟ್ಟಡ. ಕತ್ತೆತ್ತಿದರೆ ಚಾವಣಿ ತುಂಬ ಬಿಚ್ಚಿಟ್ಟ ಕಲ್ಲಿನ ಬೀಸಣಿಗೆಗಳು. ಬಿಟ್ಟಿ ನೋಡಲು ಕಾರ್ಪಸ್ ಗಡಿಯಾರವಿದೆ: ಮುಳ್ಳಿಲ್ಲ, ಮೇಲೊಂದು ವಿಕಾರ ಮಿಡತೆ ಸೆಕೆಂಡುಗಳನ್ನು ತಿನ್ನುತ್ತಿರುತ್ತದೆ. ಐದು ನಿಮಿಷಕ್ಕೊಮ್ಮೆ ಮಾತ್ರ ಸರಿಯಾದ ಸಮಯ ತೋರಿಸುವಂತೆ ಬೇಕೆಂದೇ ಮಾಡಿದ್ದಂತೆ.

ಆಕ್ಸ್‌ಫರ್ಡ್ ಗಂಭೀರ. ಜೇನುಬಣ್ಣದ ಕಲ್ಲು, ರ‍್ಯಾಡ್‌ಕ್ಲಿಫ್ ಕ್ಯಾಮೆರಾ ಅನ್ನುವ ಗ್ರಂಥಾಲಯದ ಗುಮ್ಮಟ. ಹೊರಗೆ ನಿಂತು ಫೋಟೋ ತೆಗೆಯಬಹುದು, ಒಳಗೆ ಓದುವವರಿರುತ್ತಾರೆ, ಸುಮ್ಮನೆ ನುಗ್ಗುವ ಹಾಗಿಲ್ಲ. ನಮ್ಮ ಗಿರೀಶ ಕಾರ್ನಾಡರು 1960ರ ದಶಕದ ಆರಂಭದಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಇಲ್ಲಿ ಓದಿ, ಆಕ್ಸ್‌ಫರ್ಡ್ ಯೂನಿಯನ್ ಅನ್ನುವ ಚರ್ಚಾಕೂಟದ ಅಧ್ಯಕ್ಷರೂ ಆಗಿದ್ದರು. ಆ ಓಣಿಗಳಲ್ಲಿ ನಡೆಯುವಾಗ ಅದು ತಲೆಯಲ್ಲಿತ್ತು.

ಆದರೆ ಪಿಟ್ ರಿವರ್ಸ್ ಮ್ಯೂಸಿಯಮ್ಮಿಗೆ ಸಮನಾದದ್ದು ಕೇಂಬ್ರಿಡ್ಜಿನಲ್ಲಿ ನನಗೆ ಕಾಣಲಿಲ್ಲ. ಪ್ರವೇಶ ಉಚಿತ. ವಸ್ತುಗಳನ್ನು ದೇಶವಾರು ಜೋಡಿಸದೆ ಬಗೆವಾರು ಇಟ್ಟಿದ್ದಾರೆ: ಜಗತ್ತಿನ ವಾದ್ಯಗಳೆಲ್ಲ ಒಂದು ಕಡೆ, ಬೀಗಗಳೆಲ್ಲ ಇನ್ನೊಂದು ಕಡೆ. ಮಬ್ಬು ಬೆಳಕು, ಕೈಬರಹದ ಪುಟ್ಟ ಚೀಟಿಗಳು. ಹುಬ್ಬಳ್ಳಿಯ ಗೆಳತಿ ಒಳಗೆ ಹೋದವಳು ಎರಡು ಗಂಟೆ ಪತ್ತೆಯಿಲ್ಲ. ಫೋನ್ ಮಾಡಿದರೆ "ನೀವ್ ಉಂಡ್ ಬರ್ರಿ, ನಾ ಇನ್ನೂ ಬೀಗದ ಹತ್ರ ಅದೀನಿ" ಅಂದಳು. ಶಿರಸಿಯವನು ಕವರ್ಡ್ ಮಾರ್ಕೆಟ್ಟಿನಲ್ಲಿ ಕುಕೀ ತಿನ್ನುತ್ತ ಕಳೆದುಹೋದ. ನಾಲ್ವರೂ ಮತ್ತೆ ಒಟ್ಟಾದದ್ದು ಸಂಜೆ ಪ್ಲಾಟ್‌ಫಾರ್ಮಿನಲ್ಲೇ.

ಮುಂದಿನ ತಿಂಗಳಿಗೆ ಮೂವರು ಕೇಂಬ್ರಿಡ್ಜ್ ಅಂತ ಕೈಯೆತ್ತಿದ್ದೇವೆ. ಹುಬ್ಬಳ್ಳಿಯವಳು ಆಕ್ಸ್‌ಫರ್ಡಿಗೆ ಟಿಕೆಟ್ ತೆಗೆದಾಗಿದೆ. ಒಂದೇ ಟಿಕೆಟ್.