ಸಮಾಧಿ ಕಲ್ಲಿನ ಮೇಲೆ ಕನ್ನಡ ತಪ್ಪಿಲ್ದೆ ಕೆತ್ತೋರು ಬೇಕಾ, ಇಲ್ಲಿಗೆ ಹೋಗಿ

ಬೆಂಗಳೂರಿನ ಹತ್ರ ಜಿಗಣಿ ಕಡೆ ಗ್ರಾನೈಟ್ ಅಂಗಡಿಗೇನು ಬರ ಇಲ್ಲ, ಆದ್ರೆ ಅಡುಗೆಮನೆ ಕಟ್ಟೆಗೆ ಕಲ್ಲು ಕೊಡೋರು ಬೇರೆ, ಸಮಾಧಿ ಕಲ್ಲು ಮಾಡೋರು ಬೇರೆ, ಅದ್ರಲ್ಲೂ ಕನ್ನಡದ ಒತ್ತಕ್ಷರ ಕೆಡದ ಹಾಗೆ ಕೆತ್ತೋರು ಇನ್ನೂ ಬೇರೆ. ಈ ವರ್ಕ್‌ಶಾಪ್ ಆ ಮೂರನೇ ಥರದ್ದು. ನಮ್ಮಜ್ಜಿ, ಅಂದ್ರೆ ನಮ್ಮಪ್ಪನ ತಾಯಿ, ತೀರಿಕೊಂಡ ಮೇಲೆ ಅವರ ಕಲ್ಲನ್ನ ಇಲ್ಲೇ ಮಾಡಿಸಿದ್ವಿ. ಐದಕ್ಕೆ ಐದು ಸ್ಟಾರ್ ಕೊಡ್ತಿದೀನಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕು, ಅಜ್ಜಿ ವಿಷ್ಯ ಬಿಟ್ಟು ಬರೀ ಕಲ್ಲಿನ ವಿಷ್ಯ ಹೇಳೋಕೆ ನಂಗಂತೂ ಆಗಲ್ಲ.

ಅಜ್ಜಿ ತವರು ಕನಕಪುರ ತಾಲ್ಲೂಕಿನ ಹಾರೋಬೆಲೆ. ಕನ್ನಡ ಮಾತಾಡೋ ಕಥೋಲಿಕರ ಊರು, ಯೇಸುವಿನ ಪಾಡಿನ ನಾಟಕನ ನೂರು ವರ್ಷಕ್ಕೂ ಮೇಲಿಂದ ಆಡ್ಕೊಂಡು ಬಂದಿರೋ ಊರು. ಕ್ರೈಸ್ತರು ಅಂದ ತಕ್ಷಣ ಮನೇಲಿ ಇಂಗ್ಲಿಷಾ ಅಂತ ಕೇಳೋರು ಈಗಲೂ ಇದ್ದಾರೆ, ನಮ್ಮಜ್ಜಿ ನಕ್ಕಿದ್ದು ಬೈದಿದ್ದು ಅತ್ತಿದ್ದು ಜಪಸರ ಮಾಡಿದ್ದು ಎಲ್ಲಾ ಕನ್ನಡದಲ್ಲೇ. ಅವರು ಚಿಕ್ಕೋರಿದ್ದಾಗ ಬಲಿಪೂಜೆ, ಅಂದ್ರೆ ಚರ್ಚಲ್ಲಿ ಮಾಡೋ ಪೂಜೆ, ಲ್ಯಾಟಿನ್‌ನಲ್ಲಿ ಆಗ್ತಿತ್ತು, 1962ರಿಂದ 65ರವರೆಗೆ ನಡೆದ ಕಥೋಲಿಕ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆ ಆದ್ಮೇಲೇ ಜನರ ಭಾಷೆಗೆ ಬಂದಿದ್ದು. ಅದನ್ನ ಅಜ್ಜಿ ಹೇಳ್ತಿದ್ದ ರೀತಿ ನಮ್ಮನೇಲಿ ಎಲ್ರಿಗೂ ಬಾಯಿಪಾಠ: "ಅಲ್ಲೀಗಂಟ ಸ್ವಾಮಿಗೋಳು ಯೋಳಿದ್ದು ದೇವ್ರಿಗೆ ಮಾತ್ರ ಅರ್ಥ ಆಯ್ತಿತ್ತು ಕಣಪ್ಪ, ಆಮ್ಯಾಕೆ ನಂಗೂ ಆಯ್ತು."

ತಾತ ಬೇಗ ಹೋಗ್ಬಿಟ್ರು. ಆರು ಮಕ್ಕಳನ್ನ ಸಾಕಿದ್ದು ರೇಷ್ಮೆ ಹುಳ. ಹುಳ ಸಾಕಿದೋರಿಗೆ ಗೊತ್ತಿರತ್ತೆ, ನಾಲ್ಕನೇ ಜ್ವರ, ಅಂದ್ರೆ ನಾಲ್ಕನೇ ಸಲ ಪೊರೆ ಬಿಡೋದು, ಮುಗಿಸಿ ಎದ್ದ ಮೇಲೆ ಅವು ಹಗಲು ರಾತ್ರಿ ಸೊಪ್ಪು ತಿಂತಾವೆ, ಮನೆಯೊಳಗೇ ಮಳೆ ಹುಯ್ದಂಗೆ ಸದ್ದು. ಅಜ್ಜಿ ರಾತ್ರಿ ಎದ್ದು ಹಿಪ್ಪುನೇರಳೆ ಸೊಪ್ಪು ಹಾಕೋರು, ಎರಡು ಕೈಗೂ ಕೆಲಸ ಇರೋವಾಗ ಜಪಸರದ ಮಣಿ ಎಣಿಸೋದು ಹೇಗೆ, ಅದಕ್ಕೆ ಹುಳದ ಒಂದು ತಟ್ಟೆಗೆ ಒಂದು ನಮೋ ಮರಿಯಾ (ಮರಿಯಮ್ಮನಿಗೆ ಹೇಳೋ ಪ್ರಾರ್ಥನೆ) ಅಂತ ಲೆಕ್ಕ ಇಟ್ಕೊಂಡಿದ್ರು. ಹತ್ತು ತಟ್ಟೆ ಆಯ್ತು ಅಂದ್ರೆ ಪಿತನಿಗೂ ಸುತನಿಗೂ ಹೇಳಿ ಮುಂದಿನ ಸಾಲಿಗೆ ಹೋಗೋರು. ನಮ್ಮಪ್ಪ ಚಿಕ್ಕ ವಯಸ್ಸಲ್ಲಿ ಆ ಸದ್ದು ಕೇಳ್ತಾ ಕೇಳ್ತಾನೇ ನಿದ್ದೆ ಹೋಗ್ತಿದ್ರಂತೆ. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಜಪಸರಕ್ಕೆ ಬೆಳಕಿನ ರಹಸ್ಯಗಳನ್ನ, ಅಂದ್ರೆ ಧ್ಯಾನ ಮಾಡೋಕೆ ಯೇಸುವಿನ ಬದುಕಿನ ಇನ್ನೂ ಐದು ಘಟನೆಗಳನ್ನ, ಸೇರಿಸಿದ್ರಲ್ಲ, ಆ ವಯಸ್ಸಲ್ಲೂ ಸಿಸ್ಟರ್ (ಸನ್ಯಾಸಿನಿ) ಆಗಿರೋ ನಮ್ಮತ್ತೆ ಹತ್ರ ಹೇಳಿಸ್ಕೊಂಡು ಹೇಳಿಸ್ಕೊಂಡು ಐದನ್ನೂ ಕಲಿತ್ರು, ಗುರುವಾರ ಬಂದ್ರೆ ಅದೇ.

ಗೂಡು ರಾಮನಗರ ಮಾರ್ಕೆಟ್‌ಗೆ ಹೋಗಿ ದುಡ್ಡು ಬಂತು ಅಂದ್ರೆ ಮೊದಲು ಸ್ಕೂಲ್ ಫೀಸು, ಆಮೇಲೆ ಸೀರೆ ಗಂಟಲ್ಲಿ ಒಂದಿಷ್ಟು ಬೇರೆ. ಅದು ನವೆಂಬರ್ 2ರ ಮೃತರ ದಿನದ ಪೂಜೆಗೆ. ತಾತನಿಗೆ ಒಂದು, ಇನ್ನೊಂದು ಯಾರೂ ನೆನೆಸ್ಕೊಳ್ಳೋರಿಲ್ದೆ ಸ್ವರ್ಗಕ್ಕೆ ಹೋಗೋ ಮುಂಚೆ ಶುದ್ಧೀಕರಣ ಸ್ಥಳದಲ್ಲಿರೋ ಆತ್ಮಗಳಿಗೆ. ಕೈ ಎಷ್ಟೇ ಬಿಗಿ ಇದ್ದ ವರ್ಷಾನೂ ಆ ಎರಡನೇದನ್ನ ಬಿಟ್ಟವರಲ್ಲ. ಕೊನೆಗಾಲದಲ್ಲಿ ಬೆಂಗಳೂರಲ್ಲಿ ನಮ್ಮನೇಲೇ ಇದ್ರು, ಆಗಸ್ಟ್ 29ಕ್ಕೆ ಶಿವಾಜಿನಗರದ ಬೆಸಿಲಿಕಾದಲ್ಲಿ ಬಾವುಟ ಏರಿದ್ರೆ ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬದವರೆಗೂ ಮನೇಲಿ ಮಾಂಸ ಮಾಡೋ ಹಾಗಿರಲಿಲ್ಲ.

ಇಂಥವರು ತಮ್ಮ ಕಲ್ಲಿನ ಬಗ್ಗೆ ಮೊದಲೇ ಹೇಳಿಟ್ಟಿದ್ರು, "ನನ್ ಕಲ್ ಮ್ಯಾಲೆ ದೊಡ್ಡಸ್ತಿಕೆ ಏನೂ ಬರುಸ್ಬ್ಯಾಡ್ರಪ್ಪ, ಓದ್ದೋರು ನಿಂತು ಒಂದ್ ನಮೋ ಮರಿಯಾ ಯೋಳಿ ಓಗ್ಲಿ ಸಾಕು" ಅಂತ. ಹಾಗಾಗಿ ಹೆಸರು, ತಾರೀಖು, ಕೆಳಗೆ ಒಂದೇ ಸಾಲು, "ಇವರ ಆತ್ಮಕ್ಕಾಗಿ ಪ್ರಾರ್ಥಿಸಿರಿ". ಸಾಲು ಚಿಕ್ಕದು, ಆದ್ರೆ ನೋಡಿ ಅದ್ರಲ್ಲಿ ಎಷ್ಟು ಒತ್ತು ಇದೆ ಅಂತ.

ಮೊದಲು ಬೇರೆ ಒಂದು ಕಡೆ ಆರ್ಡರ್ ಕೊಟ್ಟಿದ್ವಿ, ಹೆಸರು ಬೇಡ. ವಾಟ್ಸಾಪಲ್ಲಿ ಕಳಿಸಿದ್ದನ್ನ ಹಾಗೇ ಅವರ ಡಿಸೈನ್ ಸಾಫ್ಟ್‌ವೇರ್, ಹಳೇ ಕೋರೆಲ್ ಡ್ರಾಗೆ ಪೇಸ್ಟ್ ಮಾಡವ್ರೆ, ಪ್ರೂಫಲ್ಲಿ ಬಂದಿದ್ದು "ಪ್‌ರಾರ್‌ಥಿಸಿರಿ". ಇದು ಸರಿ ಇಲ್ಲ ಅಂದ್ರೆ "ಸರ್, ಕನ್ನಡ ಇಷ್ಟೇ ಬರೋದು, ಇಂಗ್ಲಿಷಲ್ಲಿ ಹಾಕಿಸ್ಬಿಡಿ, ನೀಟಾಗಿರತ್ತೆ" ಅಂದ್ರು. ನಮ್ಮಪ್ಪ ಒಂದು ಮಾತೂ ಆಡದೆ ಎದ್ದು ಬಂದ್ರು. ಅಷ್ಟು ಬೇಜಾರಾಗಿದ್ದನ್ನ ನಾನು ಅವರ ಮುಖದಲ್ಲಿ ಮಣ್ಣಿನ ದಿನ ಬಿಟ್ರೆ ನೋಡಿರಲಿಲ್ಲ.

ಈ ವರ್ಕ್‌ಶಾಪಿನ ಮೇಸ್ತ್ರಿಯವರು ಹಿಂದೂಗಳೇ, ಆದ್ರೆ ಆನೇಕಲ್ ಸುತ್ತಮುತ್ತ ಚರ್ಚುಗಳಿಗೆ ತುಂಬಾ ಕೆಲಸ ಮಾಡಿದಾರೆ, ಕೇಳೋ ಪ್ರಶ್ನೆಯಲ್ಲೇ ಗೊತ್ತಾಗತ್ತೆ. ಅಜ್ಜಿನ ಮಣ್ಣು ಮಾಡಿ ಎಷ್ಟು ದಿನ ಆಯ್ತು ಅಂತ ಮೊದಲು ಕೇಳಿದ್ರು. ಒಂದು ಮಳೆಗಾಲ ಕಳೀಲಿ, ಮಣ್ಣು ಕೂತ್ಕೊಳ್ಳೋ ಮುಂಚೆ ಕಲ್ಲಿಟ್ರೆ ಒಂದು ಮಗ್ಗುಲಿಗೆ ವಾಲ್ಕೊಂಡು ಬಿರುಕು ಬಿಡತ್ತೆ ಅಂದ್ರು. ಆವತ್ತೇ ಅಡ್ವಾನ್ಸ್ ಇಸ್ಕೊಬೋದಿತ್ತು, ಇಸ್ಕೊಳ್ಳಲಿಲ್ಲ. ಆಮೇಲೆ ಹುಟ್ಟಿದ ತಾರೀಖು. ಆಧಾರಲ್ಲಿರೋ ಜನವರಿ 1 ಕೊಟ್ಟಿದ್ವಿ, "ಹಳೇ ಕಾಲ್ದೋರಿಗೆಲ್ಲಾ ಜನವರಿ ಒಂದೇ ಬರ್ದಿರ್ತಾರೆ, ನಿಮ್ ಚರ್ಚಲ್ಲಿ ಜ್ಞಾನಸ್ನಾನದ ರಿಜಿಸ್ಟರ್ ಇರತ್ತಲ್ಲ, ಒಂದ್ಸಲ ನೋಡ್ಕೊಂಡ್ ಬನ್ನಿ" ಅಂತ ವಾಪಸ್ ಕಳಿಸಿದ್ರು. ಹೋಗಿ ನೋಡಿದ್ರೆ ಅಜ್ಜಿ ಹುಟ್ಟಿದ್ದು ಅಕ್ಟೋಬರಲ್ಲಿ, ಅದು ಜಪಸರ ಮಾತೆಯ ತಿಂಗಳು! ಅಜ್ಜಿಗೇ ಗೊತ್ತಿರಲಿಲ್ಲ ಅನ್ಸತ್ತೆ, ಗೊತ್ತಿದ್ರೆ ಹತ್ತು ಸಲ ಹೇಳ್ತಿದ್ರು. ಅತ್ತೆ ಫೋನಲ್ಲೇ ಅತ್ಬಿಟ್ರು.

ಕಲ್ಲು ಚಾಮರಾಜನಗರದ ಕರಿಕಲ್ಲು. ಮಾರ್ಬಲ್ ಬೇಡ, ಮಳೆ ನೀರಿಗೆ ಸವೆದು ಅಕ್ಷರ ಮೊಂಡಾಗತ್ತೆ, ಕರಿಕಲ್ಲು ಗಟ್ಟಿ, ಅಂಚು ಹಾಗೇ ಉಳಿಯತ್ತೆ ಅಂತ ಎರಡರ ತುಂಡನ್ನೂ ಕೈಗೆ ಕೊಟ್ಟು ತೋರಿಸಿದ್ರು. ಅಕ್ಷರ ಮಾಡೋದು ಅವರ ಮಗ, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ, ಕರ್ವ್‌ಗೆ ಹಾಕಿ, ಅಂದ್ರೆ ಅಕ್ಷರನ ಬರೀ ಗೆರೆ ಮಾಡಿ, ಒತ್ತು ಮೇಲಿನ ಅಕ್ಷರಕ್ಕೆ ತಾಗೋ ಜಾಗದಲ್ಲಿ ಎರಡನ್ನೂ ಸೇರಿಸಿ ಒಂದೇ ಗೆರೆ ಮಾಡ್ತಾನೆ. ಇದು ಮಾಡದೇ ಇದ್ರೆ ಕಟಿಂಗ್ ಮೆಷಿನ್ ಒಳಗೂ ಕೊಯ್ದು ಅಕ್ಷರ ಚೂರು ಚೂರಾಗತ್ತಂತೆ. ಆಮೇಲೆ ನಿಜವಾದ ಸೈಜಲ್ಲೇ ಪೇಪರ್ ಪ್ರಿಂಟ್ ತೆಗೆದು ಕಲ್ಲಿನ ಮೇಲೆ ಅಂಟಿಸಿ ಎಲ್ರೂ ಓದಿ ಸೈನ್ ಮಾಡಿ ಅಂದ್ರು. ನಮ್ಮಪ್ಪ ಜೋರಾಗಿ ಓದಿದ್ರು. ಅದಾದ್ಮೇಲೇ ರಬ್ಬರ್ ಶೀಟ್ ಕೊಯ್ದು, ಮರಳು ಹೊಡೆದು ಅಕ್ಷರ ಇಳಿಸಿದ್ದು. ಪ್ರಾರ್ಥಿಸಿರಿ ಅನ್ನೋದರ ಅರ್ಕಾವತ್ತಿನ ಬಾಲ ಸ್ವಲ್ಪ ಮಸುಕಾಗಿತ್ತು, ನಾವ್ಯಾರೂ ಗಮನಿಸಿರಲಿಲ್ಲ, ಮೇಸ್ತ್ರಿಯವರೇ ಕನ್ನಡಕ ಹಾಕ್ಕೊಂಡು ನೆಲದ ಮೇಲೆ ಕೂತು ಸಣ್ಣ ಉಳೀಲಿ ತಿದ್ದಿದ್ರು. ಅಕ್ಷರಕ್ಕೆ ಬಂಗಾರದ ಬಣ್ಣ ಬೇಡ ಅಂದ್ವಿ, ಕರಿಕಲ್ಲಲ್ಲಿ ಬೂದಿ ಬಣ್ಣದಲ್ಲಿ ತಾನಾಗೇ ಎದ್ದು ಕಾಣತ್ತೆ, ಅಜ್ಜಿಗೂ ಅದೇ ಹಿಡಿಸೋದು.

ಕೊರತೆ ಹೇಳಬೇಕಂದ್ರೆ, ಹೇಳಿದ ದಿನಕ್ಕೆ ಮುಗಿಸಲ್ಲ, ಹಬ್ಬದ ಸೀಸನ್ ಅಂತ ತಡ ಆಯ್ತು, ಬೆಳಗ್ಗೆ ಹೊತ್ತು ಫೋನ್ ಎತ್ತಲ್ಲ. ಊರಿಗೆ ಸಾಗಿಸೋ ಗಾಡಿ ಬಾಡಿಗೆ ಬೇರೆ, ಅದನ್ನ ಮೊದಲೇ ಮಾತಾಡ್ಕೊಳ್ಳಿ. ನಮಗೆ ಕಲ್ಲು, ಕೆತ್ತನೆ, ಶಿಲುಬೆ, ಕೂರಿಸೋ ಕೂಲಿ ಎಲ್ಲಾ ಸೇರಿ 45 ಸಾವಿರದ ಹತ್ರ ಬಂತು, ವಿಚಾರಿಸಿದ ಬೇರೆ ಕಡೆಗಿಂತ ಜಾಸ್ತೀನೇ, ಆದ್ರೂ ಕೊಟ್ಟಿದ್ದಕ್ಕೆ ಒಂದು ಚೂರೂ ಬೇಜಾರಿಲ್ಲ. ನವೆಂಬರ್ 2ಕ್ಕೆ ಫಾದರ್ ಬಂದು ತೀರ್ಥ ಚಿಮುಕಿಸಿದ್ರು, ಪಕ್ಕದ ಸಮಾಧಿಗೆ ಹೂ ಹಾಕೋಕೆ ಬಂದಿದ್ದ ನಮಗೆ ಗೊತ್ತೇ ಇಲ್ದಿರೋ ಒಬ್ಬ ಅಕ್ಕ ಆ ಸಾಲು ಓದಿ ನಿಂತ್ಕೊಂಡು ನಮೋ ಮರಿಯಾ ಹೇಳಿ ಹೋದ್ರು.

ಹೋಗೋರು ನಿಮ್ಮ ಧರ್ಮಕೇಂದ್ರದಿಂದ, ಅಂದ್ರೆ ನಿಮ್ಮ ಚರ್ಚಿಂದ, ಪರ್ಮಿಷನ್ ಲೆಟರ್ ಮೊದಲೇ ತಗೊಂಡಿರಿ, ಕಲ್ಲಿನ ಅಳತೆಗೆ ಸ್ಮಶಾನದವರ ರೂಲ್ಸ್ ಇರತ್ತೆ. ಫೋನ್ ಸಂಜೆ ನಾಲ್ಕರ ಮೇಲೆ ಮಾಡಿ. ಮಗನ ಹತ್ರ ಅಲ್ಲ, ಮೇಸ್ತ್ರಿಯವರ ಹತ್ರಾನೇ ಮಾತಾಡಿ.