ಕುಟುಂಬದ ಟ್ರಸ್ಟಾ, ಕಂಪನಿಯ ಸಿಎಸ್‌ಆರ್ ಹಣವಾ?

ಕೋಲಾರದ ಕಡೆ ಸಣ್ಣ ಸೇವಾ ಸಂಸ್ಥೆ ನಡೆಸುವವರಿಗೆ ಹಣ ಕೇಳಲು ಮುಖ್ಯವಾಗಿ ಎರಡು ದಾರಿ. ಒಂದು, ಯಾವುದೋ ಕುಟುಂಬ ಸ್ವಂತ ಹಣದಿಂದ ನಡೆಸುವ ಟ್ರಸ್ಟ್. ಇನ್ನೊಂದು, ನರಸಾಪುರ, ವೇಮಗಲ್ ಕಡೆಯ ಕಂಪನಿಗಳ ಸಿಎಸ್‌ಆರ್, ಅಂದರೆ ಸಮಾಜದ ಕೆಲಸಕ್ಕೆ ಕಂಪನಿ ಕೊಡುವ ಹಣ.

ಸಿಎಸ್‌ಆರ್ ಕಾನೂನಿನ ಹಣ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟು ಖರ್ಚು ಮಾಡಬೇಕು. ತಾವಿರುವ ಊರಿನ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಅದರಲ್ಲಿದೆ. ಅರ್ಜಿಯಲ್ಲಿ ಇದನ್ನು ಧೈರ್ಯವಾಗಿ ಬರೆಯಿರಿ. ಆದರೆ ಕಾಗದಪತ್ರ ಜಾಸ್ತಿ. ಆದಾಯ ತೆರಿಗೆ ಇಲಾಖೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ವಿನಾಯಿತಿ) ನೋಂದಣಿ ಬೇಕು, ಸಿಎಸ್‌ಆರ್ ಹಣ ಪಡೆಯಲು ನೋಂದಾಯಿಸುವ ಸಿಎಸ್‌ಆರ್-1 ನಮೂನೆ ಸಲ್ಲಿಸಿರಬೇಕು, ಅದೇ ಬಗೆಯ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ತೋರಿಸಬೇಕು. ಹೊಸ ಸಂಸ್ಥೆಯ ಆಸೆ ಇಲ್ಲಿಗೇ ಮುಗಿಯಿತು. ಜೊತೆಗೆ ಹಣಕಾಸು ವರ್ಷ ಮುಗಿಯುವ ಮಾರ್ಚ್ 31ರೊಳಗೆ ಖರ್ಚು ಮಾಡುವ ಅವಸರ. ಕೆರೆ ಹೂಳು, ಶಾಲೆಯ ಶೌಚಾಲಯದಂಥ, ಬೋರ್ಡ್ ಹಾಕಬಹುದಾದ ಕೆಲಸಕ್ಕೆ ಬೇಗ ಒಪ್ಪುತ್ತಾರೆ.

ಕುಟುಂಬದ ಟ್ರಸ್ಟ್‌ಗೆ ಈ ಶೇ 2ರ ಲೆಕ್ಕ ಇಲ್ಲ. ನಾಲ್ಕೈದು ಟ್ರಸ್ಟಿಗಳು ಕೂತು ಒಪ್ಪಿದರೆ ಆಯ್ತು. ಟೀಚರ್ ಸಂಬಳ, ಬಾಡಿಗೆ, ಕರೆಂಟ್ ಬಿಲ್ಲು, ಹೀಗೆ ಯಾರೂ ಫೋಟೊ ತೆಗೆಯದ ಖರ್ಚಿಗೆ ಹಣ ಸಿಗುವ ಸಾಧ್ಯತೆ ಇಲ್ಲೇ ಹೆಚ್ಚು. ಸಂಸ್ಥೆ ಉಳಿಯುವುದೇ ಇದರಿಂದ ಅಲ್ವಾ? ತೊಂದರೆ ಒಂದೇ: ಹಿರಿಯರಿಗಿದ್ದ ಒಲವು ಮಕ್ಕಳಿಗೆ ಇಲ್ಲದಿದ್ದರೆ ಮುಂದಿನ ಕಂತು ಅನುಮಾನ. ಎಷ್ಟು ವರ್ಷ ಕೊಡುತ್ತಾರೆ ಅಂತ ಮೊದಲೇ ಬರೆಸಿಕೊಳ್ಳಿ.

ಸಂಜೆ ಪಾಠದಂಥ ನಿಧಾನದ ಕೆಲಸವಾದರೆ ನಾನಂತೂ ಮೊದಲು ಟ್ರಸ್ಟ್‌ಗೇ ಹೋಗುತ್ತೇನೆ. ಕಟ್ಟಡ, ಕೆರೆ ಆದರೆ ಕಂಪನಿಗೆ. ಎರಡೂ ಕಡೆ ಪಡೆಯಲು ಅಡ್ಡಿಯಿಲ್ಲ, ಒಂದೇ ಬಿಲ್ಲನ್ನು ಇಬ್ಬರಿಗೂ ತೋರಿಸಬಾರದು ಅಷ್ಟೇ.