ಹಲಸಿನ ಕನ್ನಡಿ ಮೇಜಿಗೆ ಹಿತ್ತಾಳೆಯ ರೇಕು

ಕುಂಬಳೆಯ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಹಲಸಿನ ಮರದ ಕನ್ನಡಿ ಮೇಜೊಂದಿದೆ. ಅದರ ಚೌಕಟ್ಟಿನ ಬಳ್ಳಿ ಕೆತ್ತನೆಗೆ ಹಿಂದೆ ಬಳಿದಿದ್ದ ಡಬ್ಬಿಯ ಚಿನ್ನದ ಬಣ್ಣ ಕಂದಿ ಮಣ್ಣು ಮೆತ್ತಿದಂತೆ ಕಾಣುತ್ತಿದ್ದುದರಿಂದ, ಈ ಬಾರಿ ಲೋಹದ ರೇಕನ್ನೇ ಅಂಟಿಸಬೇಕೆಂದು ಕಾಸರಗೋಡು ಪೇಟೆಯಿಂದ 100 ಹಾಳೆಗಳ ಕಟ್ಟನ್ನೂ ಅದಕ್ಕೆ ಬೇಕಾದ ನೀರಿನ ಅಂಟನ್ನೂ ತಂದೆ. ಎರಡು ಮಳೆಗಾಲ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕಟ್ಟಿನ ಮೇಲೆ ‘ಗೋಲ್ಡ್ ಲೀಫ್’ ಎಂದಿದ್ದರೂ ಇದರಲ್ಲಿ ಚಿನ್ನವಿಲ್ಲ. ತಾಮ್ರ ಮತ್ತು ಸತು ಬೆರೆತ ಹಿತ್ತಾಳೆಯ ರೇಕಿದು. 14 ಸೆಂ.ಮೀ. ಚೌಕದ ಹಾಳೆಗಳು ಲೆಕ್ಕಕ್ಕೆ ಸುಮಾರು 21 ಚದರಡಿಗೆ ಸಾಲುತ್ತವೆ, ಅಂಚುಗಳನ್ನು ಒಂದರ ಮೇಲೊಂದು ಹಾಯಿಸಬೇಕಾದ್ದರಿಂದ ನಿಜದಲ್ಲಿ ಅಷ್ಟು ಬರುವುದಿಲ್ಲ. ರೇಕಿನ ಗುಣದಲ್ಲಿ ನನಗೆ ಯಾವ ದೂರೂ ಇಲ್ಲ. ಯಕ್ಷಗಾನದ ಕಿರೀಟದ ಮೇಲಿನ ಬೇಗಡೆ ದೀಪಕ್ಕೆ ಹೊಳೆಯುವುದನ್ನು ಕಂಡವರಿಗೆ ಪುಡಿ ಕಲಸಿದ ಬಣ್ಣಕ್ಕೂ ಹಾಳೆಯ ಹೊಳಪಿಗೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ತೊಂದರೆ ಬಂದದ್ದು ಅಂಟಿನಿಂದ. ಹಾಲಿನಂತೆ ಬಿಳಿಯಾಗಿರುವ ಅದು ನೀರಾರಿ ತಿಳಿಯಾದ ಮೇಲೆಯೇ ರೇಕನ್ನು ಹಿಡಿಯುತ್ತದೆ. ಬಾಟಲಿಯ ಮೇಲಿದ್ದ 20 ನಿಮಿಷಗಳ ಸೂಚನೆಯನ್ನು ನಂಬಿ ಆಟಿಯ ಮಳೆಯಲ್ಲಿ ಕೆಲಸಕ್ಕೆ ಕುಳಿತ ನನಗೆ, ಒಂದು ಗಂಟೆ ಕಳೆದರೂ ಕೆತ್ತನೆಯ ಕುಳಿಗಳಲ್ಲಿ ಅಂಟು ಬೆಳ್ಳಗೇ ಉಳಿದಿತ್ತು. ಅದರ ಮೇಲೆ ಒತ್ತಿದ ಹಾಳೆಗಳು ಜಾರಿ ಸುಕ್ಕಾದವು. ಎಲ್ಲವನ್ನೂ ಕೆರೆದು ತೆಗೆದು, ಜನವರಿಯ ಒಣ ಹವೆಯಲ್ಲಿ ಮತ್ತೆ ಆರಂಭಿಸಿದೆ. 220 ಮತ್ತು 320 ನಂಬರಿನ ಸ್ಯಾಂಡ್‌ಪೇಪರ್‌ಗಳಿಂದ ಮರವನ್ನು ನಯ ಮಾಡಿ, ಕಾವಿ ಬಣ್ಣದ ತಳ ಹಾಕಿ, ತೆಳುವಾಗಿ ಅಂಟು ಸವರಿ, ಮೆತ್ತನೆಯ ಬ್ರಷ್‌ನಿಂದ ರೇಕನ್ನು ಕೂರಿಸಿದೆ. ರೇಕು ಬಿರಿದ ಸಣ್ಣ ಸಂದುಗಳಲ್ಲಿ ಇಣುಕುವ ಆ ಕಾವಿಯ ಕೆಂಪು, ಹಿತ್ತಾಳೆಗೆ ಕೊಟ್ಟ ಹದವಾದ ಬೆಚ್ಚನೆಯ ಬಣ್ಣ ನನಗೆ ಬಹಳ ಇಷ್ಟವಾಗಿದೆ. ಫ್ಯಾನನ್ನು ಮಾತ್ರ ಆರಿಸಿಯೇ ಕೂರಬೇಕು.

ಹಿತ್ತಾಳೆಯನ್ನು ಹಾಗೆಯೇ ಬಿಟ್ಟರೆ ಗಾಳಿಯ ತೇವಕ್ಕೆ ಕಪ್ಪಾಗುತ್ತದೆ, ಕಡಲ ತೀರದಲ್ಲಿ ಉಪ್ಪು ಅದನ್ನು ಇನ್ನಷ್ಟು ಬೇಗ ಕೆಡಿಸುತ್ತದೆ. ಆದರೂ ಮೇಲೆ ರಕ್ಷಣೆಯ ಲೇಪ ಬೇಕೆಂಬ ಒಂದು ಸಾಲೂ ಕಟ್ಟಿನಲ್ಲಿಲ್ಲದಿರುವುದು ದೊಡ್ಡ ಲೋಪವೆಂದು ನಾನು ತಿಳಿಯುತ್ತೇನೆ. ಬಡಗಿಗಳು ಬಳಸುವ ಅರಗಿನ ಪಾಲಿಶ್ ತೇವದ ಹವೆಯಲ್ಲಿ ಬೆಳ್ಳಗಾಗುವುದರಿಂದ, ನಾನು ಎಣ್ಣೆಯ ವಾರ್ನಿಷ್ ಅನ್ನು ಒಂದು ದಿನದ ಅಂತರದಲ್ಲಿ ಎರಡು ಸಲ ಹಚ್ಚಿದೆ. ಚೌಕಟ್ಟು ಇಂದಿಗೂ ಬಣ್ಣಗೆಟ್ಟಿಲ್ಲ. ಆದರೆ ದಿನವೂ ಎಳೆಯುವ ಡ್ರಾಯರ್‌ನ ಹಿಡಿಗಳಲ್ಲಿ ವಾರ್ನಿಷ್ ಸವೆದು, ಬೆರಳು ತಾಗುವ ಜಾಗಗಳು ಕಂದು ಬಣ್ಣಕ್ಕೆ ತಿರುಗಿವೆ. ಅವುಗಳ ರೇಕನ್ನು ತೆಗೆದು ಬರಿಯ ಹಲಸಿನ ಮರವನ್ನೇ ಉಳಿಸಲಿದ್ದೇನೆ.